ವಿಪತ್ತು ಎರಗುವ ಮೊದಲೇ ನೆರವು ಸಿಗಲಿ

ಮಾನ್ಯರೇ,

ಭೂಕಂಪ, ಚಂಡಮಾರುತ, ನೆರೆಗಳಲ್ಲಿ ಹೆಚ್ಚಾಗಿ ಪ್ರಾಣ ತೆರುವವರು ಬಡ ದೇಶಗಳ ಜನರೇ ಆಗಿರುವಾಗ, ಅದನ್ನು ಪ್ರಕೃತಿಯ ಮುನಿಸೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. 2010ರ ಜನವರಿಯಲ್ಲಿ ಹೈಟಿಯಲ್ಲಿ ಸಂಭವಿಸಿದ 7.0 ತೀವ್ರತೆಯ ಭೂಕಂಪಕ್ಕೆ ಲಕ್ಷಕ್ಕೂ ಹೆಚ್ಚು ಮಂದಿ ಬಲಿಯಾದರು; ಮರುತಿಂಗಳು ಚಿಲಿಯಲ್ಲಿ 8.8 ತೀವ್ರತೆಯಲ್ಲಿ ಭೂಮಿ ನಡುಗಿದರೂ ಸತ್ತವರು ಸುಮಾರು 500 ಮಂದಿ. ಹೈಟಿಯ ಕಂಪನಕೇಂದ್ರ ರಾಜಧಾನಿಗೆ ತೀರಾ ಸಮೀಪವಿತ್ತು, ನಿಜ. ಆದರೆ ಸಾವಿರಾರು ಜನರನ್ನು ಕೊಂದದ್ದು ಸಾಕಷ್ಟು ಕಬ್ಬಿಣವಿಲ್ಲದೆ, ಕಳಪೆ ಕಾಂಕ್ರೀಟಿನಿಂದ ಕಟ್ಟಿದ್ದ ಮನೆಗಳು. ಬದುಕುಳಿದ ಬಡವರ ಪಾಡೂ ಹಗುರವಲ್ಲ: ನೆರೆ ಇಳಿದ ಮೇಲೆ ಉಳಿದೊಂದು ಎತ್ತನ್ನು ಮಾರಿ, ಮಗಳನ್ನು ಶಾಲೆ ಬಿಡಿಸಿ ಕೂಲಿಗೆ ಕಳುಹಿಸುವ ಕುಟುಂಬ ಮುಂದಿನ ನೆರೆಯ ಹೊತ್ತಿಗೆ ಇನ್ನಷ್ಟು ನಿರ್ಗತಿಕವಾಗಿರುತ್ತದೆ.

ಇದನ್ನು ತಪ್ಪಿಸಲು ಸಾಧ್ಯವೆಂಬುದಕ್ಕೆ ಬಾಂಗ್ಲಾದೇಶವೇ ಸಾಕ್ಷಿ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ 3 ಲಕ್ಷ ಜನ ಸತ್ತಿದ್ದರು. ಮುನ್ಸೂಚನೆ, ಆಶ್ರಯ ಕಟ್ಟಡಗಳು ಹಾಗೂ ಹಳ್ಳಿಹಳ್ಳಿಯ ಸ್ವಯಂಸೇವಕರ ಬಲದಿಂದ, 2020ರ ಅಂಫಾನ್ ಚಂಡಮಾರುತದ ವೇಳೆ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು, ಸಾವುಗಳು ಕೆಲವು ಹತ್ತುಗಳಿಗೆ ಸೀಮಿತವಾದವು.

ಆದ್ದರಿಂದ ಶ್ರೀಮಂತ ರಾಷ್ಟ್ರಗಳು 2022ರ ವಿಶ್ವಸಂಸ್ಥೆ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದ, ಹವಾಮಾನ ವಿಕೋಪಗಳಿಂದ ಬಡ ದೇಶಗಳಿಗಾಗುವ ನಷ್ಟಕ್ಕೆ ನೆರವಾಗುವ ನಿಧಿಗೆ ಸಾಲವಾಗಿ ಅಲ್ಲದೆ ಅನುದಾನವಾಗಿ ಹಣ ತುಂಬಬೇಕು; ಜೊತೆಗೆ, ಮುನ್ಸೂಚನೆ ಬಂದ ಕೂಡಲೇ ಬಡ ಕುಟುಂಬಗಳ ಕೈಗೆ ನೇರವಾಗಿ ಹಣ ತಲುಪಿಸುವ ವ್ಯವಸ್ಥೆಗೂ ಪ್ರತ್ಯೇಕ ನೆರವನ್ನು ಮೀಸಲಿಡಬೇಕು.

– ಓರ್ವ ಓದುಗ