ಗೋಲಗುಂಬಜ್ ಬಿಡು, ಗಿರಣಿಗೆ ಹೋಗು

ವಿಜಯಪುರ
ಭಾನುವಾರ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ 80 ಪುಟ ಓದಿ ಮುಗಿಸಿದೆ. ನಡುವೆ ಕರೆಂಟ್ ಹೋಯಿತು. ಕೊನೆಯ ಹತ್ತು ಪುಟ ಮೊಬೈಲ್ ಟಾರ್ಚ್ ಹಿಡಿದು ಓದಿದೆ. ಅಂದರೆ ಕೆಳಗಿಡಲು ಮನಸ್ಸಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಮುಂದೆ ಜಾಸ್ತಿ ತಕರಾರೇ ಇವೆ.

ನಿನ್ನ ಹುಡುಗ, ಹುಡುಗಿ 2021ರ ಮೇ ತಿಂಗಳಲ್ಲಿ ಗೋಲಗುಂಬಜ್ ಹತ್ತುತ್ತಾರೆ. ಪಿಸುಮಾತಿನ ಗ್ಯಾಲರಿಯಲ್ಲಿ ಈ ಕಡೆ ಅವಳು, ಆ ಕಡೆ ಅವನು. ದೃಶ್ಯ ಚೆನ್ನಾಗಿದೆ. ಆದರೆ ಆಗ ಗುಂಬಜ್‌ಗೆ ಬೀಗ ಬಿದ್ದಿತ್ತು. ಪುರಾತತ್ವ ಇಲಾಖೆ ಏಪ್ರಿಲ್ 16ಕ್ಕೆ ತನ್ನ ಸ್ಮಾರಕಗಳನ್ನೆಲ್ಲ ಮುಚ್ಚಿತ್ತು, ತೆರೆದದ್ದು ಜೂನ್ 16ಕ್ಕೆ. ಅದಕ್ಕೂ ಮೊದಲು ಏಪ್ರಿಲ್ 10ಕ್ಕೆ ನಿನ್ನ ಹುಡುಗ ಇಂಡಿಯಿಂದ ಸರಕಾರಿ ಬಸ್ಸಿನಲ್ಲಿ ಆರಾಮಾಗಿ ಕಿಟಕಿ ಪಕ್ಕ ಕೂತು ಬರುತ್ತಾನೆ. ಆ ವಾರ ಸಾರಿಗೆ ನೌಕರರ ಮುಷ್ಕರ ಇತ್ತು ಮಾರಾಯ್ತಿ! ಅವನನ್ನು ಟೆಂಪೋ ಹತ್ತಿಸು, ಕತೆಗೂ ಅದೇ ಚೆನ್ನ. ಒಬ್ಬರ ತೊಡೆ ಮೇಲೊಬ್ಬರು ಕೂತು, ಮಾಸ್ಕ್ ಗದ್ದಕ್ಕೆ ಇಳಿಸಿ, ಕೊರೊನಾ ಸುಳ್ಳು ಅಂತ ಮಾತಾಡಿಕೊಳ್ಳುತ್ತ ಬರಲಿ. ಇನ್ನು 23 ವರ್ಷದ ಅವನಿಗೆ ಮಾರ್ಚ್‌ನಲ್ಲೇ ಲಸಿಕೆ ಸಿಕ್ಕಿದೆ. 18 ದಾಟಿದವರಿಗೆಲ್ಲ ಲಸಿಕೆ ಅಂತ ಆದದ್ದು ಮೇ ತಿಂಗಳಲ್ಲಿ.

ಇದನ್ನೆಲ್ಲ ಯಾರು ನೋಡ್ತಾರೆ ಅಕ್ಕಾ ಅನ್ನಬೇಡ. ಆ ಬೇಸಿಗೆಯಲ್ಲಿ ಮನೆಯವರನ್ನು ಕಳಕೊಂಡವರಿಗೆ ತಾರೀಖುಗಳು ಬಾಯಿಪಾಠ ಇವೆ.

ಆದರೆ ತಾರೀಖು ಸರಿ ಇದ್ದಿದ್ದರೂ ಗುಂಬಜ್ ಬೇಡ ಅಂತಲೇ ಹೇಳುತ್ತಿದ್ದೆ. ಎಲ್ಲರ ಕಣ್ಣೆದುರು ಟಿಕೆಟ್ ತಗೊಂಡು ಗುಂಬಜ್ ಹತ್ತುವ ಧೈರ್ಯ ಇರುವ ಜೋಡಿಗೆ ಲಾಕ್‌ಡೌನ್ ಏನು ಮಾಡೀತು? ನಮ್ಮಂಥ ಊರಲ್ಲಿ ಪ್ರೀತಿ ನಡೆಯುವುದು ನೆಪದ ಮೇಲೆ. ಕಾಲೇಜು, ಟೈಲರಿಂಗ್ ಕ್ಲಾಸು, ಜೆರಾಕ್ಸ್ ಅಂಗಡಿ, ಸೋಮವಾರದ ಗುಡಿ. ಹೊಸ್ತಿಲು ದಾಟಲು ಅವ್ವನಿಗೆ ಹೇಳುವಂಥ ಒಂದು ಕೆಲಸ ಬೇಕು. 2020ರ ಮಾರ್ಚ್ 24ರ ರಾತ್ರಿ ಆ ಕೆಲಸಗಳೆಲ್ಲ ಒಂದೇ ಏಟಿಗೆ ಹೋದವು. ನಿನ್ನ ಕತೆ ಇರುವುದು ಅಲ್ಲಿ. ನೀನು ಕಾಯಿಲೆಯನ್ನು ವರ್ಣಿಸುತ್ತ ಕೂತಿದ್ದೀಯ, ನೆಪ ಕಳಕೊಂಡ ಹುಡುಗಿ ಹೊಸ ನೆಪ ಹೇಗೆ ಹುಡುಕಿದಳು ಅನ್ನೋದನ್ನು ಬರೆದೇ ಇಲ್ಲ.

ಪ್ಲೇಗಿನ ಕಾಲದಲ್ಲಿ ಇದು ಉಲ್ಟಾ ಇತ್ತು ನೋಡು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಆಮೇಲೆ ನಮ್ಮ ಕಡೆಗೂ ಹಬ್ಬಿತು. ಇಲಿ ಸತ್ತು ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಗೋಡೆ ಇಲ್ಲ, ಕದ ಇಲ್ಲ. ಆ ಗುಡಿಸಲುಗಳ ನಡುವೆ ಎಷ್ಟು ಲಗ್ನ ಕುದುರಿದವೋ ಅಂತ ನಮ್ಮಜ್ಜಿ ನಗುತ್ತಿದ್ದಳು. ಆ ರೋಗ ಜನರನ್ನು ಬಯಲಿಗೆ ತಂದಿತ್ತು, ಇದು ಒಳಗೆ ಹಾಕಿ ಚಿಲಕ ಜಡಿಯಿತು. (ಯಾರಾದರೂ ಆ ಪ್ಲೇಗಿನ ಪ್ರೇಮಕತೆ ಬರೀಬೇಕು. ನೀನಲ್ಲ, ಇದನ್ನು ಮೊದಲು ಮುಗಿಸು.)

ನಾನು ಕಂಡದ್ದು ಒಂದು ಹೇಳ್ತೀನಿ, ಬೇಕಾದರೆ ತಗೋ. ಅದೇ 2021ರ ಮೇ. ನಮ್ಮ ಓಣಿಯ ಹಿಟ್ಟಿನ ಗಿರಣಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಬಿಸಿಲಿಗೆ ಯಾರು ನಿಲ್ತಾರೆ? ವೃತ್ತದೊಳಗೆ ಜೋಳದ ಚೀಲ ಇಟ್ಟು ಜನ ಬೇವಿನ ಮರದ ನೆರಳಿಗೆ ಹೋಗುತ್ತಿದ್ದರು. ಒಬ್ಬ ಹುಡುಗ ದಿನಾ ಆರಕ್ಕೇ ಬರುತ್ತಿದ್ದ. ಚೀಲ ಮುಂದಿನ ವೃತ್ತಕ್ಕೆ ಬಂದಾಗೆಲ್ಲ ಹಿಂದಿನವರಿಗೆ, "ನೀವು ಹೋಗ್ರಿ ಆಯಿ, ನಂದೇನ್ ಅವಸರಿಲ್ಲ" ಅಂತ ಪಾಳಿ ಬಿಟ್ಟುಕೊಡುತ್ತಿದ್ದ. ಓಣಿಯ ಮುದುಕಿಯರಿಗೆಲ್ಲ ಅವನು ದೇವರಂಥ ಹುಡುಗ. ಎಂಟರ ಹೊತ್ತಿಗೆ ನಮ್ಮ ಪಕ್ಕದ ಮನೆಯ ಹುಡುಗಿ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದಳು. ಆಕೆಯ ಡಬ್ಬಿಯ ಮುಂದಿನ ವೃತ್ತದಲ್ಲಿ ಅವನ ಚೀಲ. ಅಷ್ಟೇ. ಇಬ್ಬರೂ ಮರದ ಆಚೆಗೊಬ್ಬರು ಈಚೆಗೊಬ್ಬರು ನಿಲ್ಲುತ್ತಿದ್ದರು. ಮಾತಿಲ್ಲ. ಮಾಸ್ಕ್ ಬೇರೆ, ನಕ್ಕರೂ ಕಾಣುವಂತಿಲ್ಲ.

ಆ ಮನೆಯವರು ಮೊದಲೆಲ್ಲ 10 ಕಿಲೋ ಜೋಳ ಒಮ್ಮೆಲೇ ಬೀಸಿಸುತ್ತಿದ್ದರು. ಈಗೇನು ಎರಡೆರಡೇ ಕಿಲೋ ಅಂತ ಅವಳ ಅವ್ವನನ್ನು ಕೇಳಿದೆ. "ಹಿಟ್ಟು ಹಳೇದಾದ್ರ ಜಿಗಿ ಹೋಗಿ ರೊಟ್ಟಿ ಹರೀತಾವ ಅಂತಾಳ್ರೀ. ಶಾಣೇ ಆಗ್ಯಾಳ" ಅಂದರು. ಮಾತೇನೋ ಖರೆ, ಹಳೇ ಹಿಟ್ಟಿನ ರೊಟ್ಟಿ ಬಡಿಯಲು ಬರುವುದಿಲ್ಲ. ಇಂಥ ನೆಪ ಕೂತು ಯೋಚಿಸಿದರೆ ನನಗಂತೂ ಹೊಳೆಯುವುದಿಲ್ಲ.

ಮಾತಿನ ವಿಷಯ. ನಿನ್ನ ಹುಡುಗ ಫೋನಿನಲ್ಲಿ, "ನೀನಿಲ್ಲದ ಬದುಕು ನನಗೆ ಶೂನ್ಯ" ಅನ್ನುತ್ತಾನೆ. ಸಿಂದಗಿಯಲ್ಲಿ ಹುಟ್ಟಿದ ಯಾವ ಹುಡುಗ ಹೀಗಂತಾನೆ? ಆ ದಿನಗಳಲ್ಲಿ ಪ್ರೀತಿಯ ಮಾತೆಂದರೆ "ಉಳ್ಳಾಗಡ್ಡಿ ವಾಸನಿ ಬಂತೇನ?" ಬಂತು ಅಂದರೆ ಆ ದಿನ ಗೆದ್ದಂತೆ. "ಆಕ್ಸಿಜನ್ ಎಷ್ಟ ತೋರಸ್ತೈತಿ?" ಅಂತ ಕೇಳಿ, ಆಚೆಯಿಂದ 96 ಅನ್ನೋ ತನಕ ಉಸಿರು ಹಿಡಿದದ್ದು ನಿನಗೂ ನೆನಪಿರಬೇಕು, ಅಲ್ವಾ? 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಹಚ್ಚಿದರೂ ಮೊದಲು ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಸರಕಾರದ ಎಚ್ಚರಿಕೆ. ಮನೆಗೊಂದೇ ಮೊಬೈಲ್, ಅದೂ ಅಣ್ಣನದು, ಮಾಳಿಗೆ ಮೇಲೆ ಕದ್ದು ಹಚ್ಚಿದ್ದು. ಅವನ ದನಿಗೆ ಮೊದಲು ಆ ಕೆಮ್ಮು. ಇದು ನಿನ್ನ 80 ಪುಟದಲ್ಲಿ ಎಲ್ಲೂ ಇಲ್ಲ.

71ನೇ ಪುಟದಲ್ಲಿ ಹುಡುಗಿಯ ಅಪ್ಪನನ್ನು ಎರಡು ಸಾಲಿನಲ್ಲಿ ಸಾಯಿಸಿದ್ದೀಯ, ಲಗ್ನಕ್ಕೆ ಅಡ್ಡ ಬರುತ್ತಾನೆ ಅಂತ. ನಾನೂ ಒಂದು ಕತೆಯಲ್ಲಿ ಹೀಗೇ ಮಾಡಿದ್ದೆ. ಹೇಗೆ ಮುಗಿಸಬೇಕು ಅಂತ ತಿಳಿಯದೆ ಹುಡುಗನನ್ನು ಆಸ್ಪತ್ರೆಗೆ ಕಳಿಸಿ ಸಾಯಿಸಿದೆ. ಓದಿದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಅಕ್ಕಾರ, ಅವನ ಮೊಬೈಲ್ ಯಾರ ತಂದು ಕೊಟ್ರು?" ಅಂತ ಕೇಳಿದಳು. ಆಸ್ಪತ್ರೆಯಿಂದ ಅವಳ ಗಂಡನ ಬಟ್ಟೆ ಬಂದಿತ್ತಂತೆ, ಮೊಬೈಲ್ ಬರಲಿಲ್ಲವಂತೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಕತೆಯನ್ನು ಆಮೇಲೆ ಯಾವ ಸಂಕಲನಕ್ಕೂ ಸೇರಿಸಲಿಲ್ಲ. ನಿನ್ನ ಹುಡುಗಿಯ ಅಪ್ಪನನ್ನು ಉಳಿಸು. ಆಗಲ್ಲ ಅಂದರೆ ಅವನಿಗೆ ಹತ್ತು ಪುಟ ಕೊಡು.

ಎರಡು ಅಲೆಗಳನ್ನೂ ಒಂದೇ ಕಾದಂಬರಿಯಲ್ಲಿ ತುಂಬಬೇಡ, ಒಂದನ್ನು ಆರಿಸಿಕೋ. ಮೊದಲನೆಯದರಲ್ಲಿ ಹೆದರಿಕೆ ಜಾಸ್ತಿ ಇತ್ತು, ಎರಡನೆಯದರಲ್ಲಿ ಹೆಣ.

ಗಿರಣಿಯ ಆ ಇಬ್ಬರ ಕತೆ ಮುಂದೇನಾಯಿತು ಅಂತ ಕೇಳ್ತೀಯ, ಗೊತ್ತು. ಜೂನ್ ಮಳೆಗೆ ಸುಣ್ಣದ ಗೆರೆ ತೊಳೆದು ಹೋದವು. ಜುಲೈ ಕೊನೆಗೆ ಡಿಗ್ರಿ ಕಾಲೇಜು ಶುರುವಾದವು. ಪಕ್ಕದ ಮನೆಯವರು ಮತ್ತೆ 10 ಕಿಲೋ ಜೋಳ ಒಮ್ಮೆಲೇ ಬೀಸಿಸತೊಡಗಿದರು.

ನಿನ್ನ
ಅಕ್ಕ