ಒಂದು ವರ್ಷ ಆಯ್ತು, ಎಲ್ಲರಿಗೂ ವಂದನೆ

ಈ ಭಾನುವಾರಕ್ಕೆ ನಾನು ಕುಡಿತ ಬಿಟ್ಟು ಒಂದು ವರ್ಷ. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ, ದೇವರು ನನಗೆ ಮಾಡಿದ್ದನ್ನು ಸಾಕ್ಷಿಯಾಗಿ ಹೇಳಲು ನಿಂತೆ. ಗಂಟಲು ಕಟ್ಟಿತು, ಎರಡು ಮಾತಾಡಿ ಕೂತುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು ನಾನು. ಮೊದಲ ಸಲ ಬಿಡುತ್ತೇನೆ ಅಂದಾಗ ಮಷಿನ್ ಎದುರಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆ. ವೈನ್ ಶಾಪ್ ದಾರಿ ಹಿಡಿಯಬಾರದು, ಶನಿವಾರದ ಬಟವಾಡೆ ನೇರ ಮನೆಗೆ, ಹೀಗೆ ಒಂಬತ್ತು ನಿಯಮ. 41ನೇ ದಿನ ಒಂಬತ್ತೂ ಒಂದೇ ಸಂಜೆ ಮುರಿದವು. ಇದೆಲ್ಲ ಸುಮ್ನೆ ಅಂತ ಚೀಟಿ ಹರಿದುಹಾಕಿದೆ.

ಮರುದಿನ ಪಾಸ್ಟರ್ ಅಯ್ಯನವರು ಮನೆಗೆ ಬಂದರು. ಬೈಯುತ್ತಾರೆ ಅಂತ ಕಾದೆ. ಅವರು ಚಹಾ ಕುಡಿದು, ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ತೆಗೆದು ಕೈಗಿಟ್ಟರು. ಬೇಡವೆಂದದ್ದನ್ನೇ ಮಾಡುತ್ತೇನೆ ಅಂತ ಪೌಲ ಅಲ್ಲಿ ಗೋಳಾಡುತ್ತಾನೆ. (ಅಪೊಸ್ತಲನ ಕಥೆಯೇ ಹಿಂಗಾದರೆ ನಂದೇನು!) ಅಲ್ಲೇ, ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ದೇವರು ಕೊಟ್ಟ ನಿಯಮಗಳು, ಪರಿಶುದ್ಧವಾದದ್ದು ಅಂತಲೂ ಹೇಳುತ್ತಾನೆ. "ನಿನ್ನ ಚೀಟಿಯಲ್ಲಿ ತಪ್ಪಿಲ್ಲಪ್ಪಾ. ನಿನ್ನನ್ನ ಎತ್ತಿ ನಿಲ್ಲಿಸೋ ಶಕ್ತಿ ಅದಕ್ಕಿಲ್ಲ, ಅಷ್ಟೇ" ಅಂದರು ಅಯ್ಯನವರು. ನನಗೆ ಟೇಪು ನೆನಪಾಯಿತು. ಪ್ಯಾಂಟಿನ ಒಂದು ಕಾಲು ಅರ್ಧ ಇಂಚು ಗಿಡ್ಡ ಆಗಿದ್ದರೆ ಟೇಪು ತೋರಿಸಿಕೊಡುತ್ತದೆ. ಹೊಲಿಗೆ ಬಿಚ್ಚಿ ಮತ್ತೆ ಹಾಕುವುದು ಅದರ ಕೈಲಿ ಆಗಲ್ಲ, ಅಲ್ವಾ?

ಎತ್ತಿ ನಿಲ್ಲಿಸುವುದು ದೇವರ ಕೃಪೆ. ಹಾಗಂತ ಕೃಪೆ ಅಂದರೆ 'ಹೋಗ್ಲಿ ಬಿಡು' ಅನ್ನೋ ಮಾತೂ ಅಲ್ಲ. ಇದನ್ನು ಕಲಿಸಿದ್ದು ನಮ್ಮ ಅತ್ತಿಗೆ. ಅವರ ಓಲೆ ಕದ್ದು ಅಡವಿಟ್ಟು ಕುಡಿದಿದ್ದೆ. ಕ್ಷಮಿಸಿದೀನಿ ಅಂದರು, ಮತ್ತೆ ಆ ಸುದ್ದಿಯೇ ಎತ್ತಲಿಲ್ಲ. ಬೈದು ಹೊರಗೆ ಹಾಕಿದ್ದರೆ ಅದೇ ನೆಪದಲ್ಲಿ ಇನ್ನೂ ಜಾಸ್ತಿ ಕುಡಿಯುತ್ತಿದ್ದೆ. ಕ್ಷಮಿಸಿದ್ದಕ್ಕೇ ನಿದ್ದೆ ಹತ್ತಲಿಲ್ಲ. ಏಳು ತಿಂಗಳು ರಾತ್ರಿಯೂ ದುಡಿದು ಓಲೆ ಬಿಡಿಸಿಕೊಟ್ಟೆ. ಭಕ್ತಿಹೀನತೆ ಬಿಡುವುದನ್ನು ದೇವರ ಕೃಪೆಯೇ ಕಲಿಸುತ್ತದೆ ಅಂತ ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಎಷ್ಟೋ ಸಲ ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಅತ್ತಿಗೆ, ಅಯ್ಯನವರು, ಉಪವಾಸ ಪ್ರಾರ್ಥನೆಯ ಅಕ್ಕಂದಿರು, ಮತ್ತೆ ಕೆಲಸಕ್ಕೆ ಕರೆದ ಯೂನಿಟ್ ಓನರ್, ನಿಮಗೆಲ್ಲ ಕೈಮುಗಿಯುತ್ತೇನೆ. 1810ರಲ್ಲಿ ಇದೇ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅವರಿಗೂ. ಅವರೂ ಜೊತೆಗಾರರೂ ಈ ಬಿಸಿಲಲ್ಲಿ ಕನ್ನಡ ಕಲಿತು ತರ್ಜುಮೆಗೆ ಕೂತಿದ್ದಕ್ಕೆ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಪೌಲನ ಗೋಳು ನನ್ನ ಭಾಷೆಯಲ್ಲೇ ಸಿಕ್ಕಿತು.

ಚೀಟಿ ಮತ್ತೆ ಅಂಟಿಸಿದ್ದೇನೆ. ಒಂಬತ್ತೂ ಅವೇ. ಹತ್ತನೆಯದು ಹೆಂಡತಿ ಬರೆದದ್ದು: ಮಧ್ಯಾಹ್ನದ ಬುತ್ತಿ ಖಾಲಿ ಆಗಿಯೇ ಮನೆಗೆ ಬರಬೇಕು.