ಐ ಈಟೆಡ್ ಮಂಡಕ್ಕಿ

ದಾವಣಗೆರೆ
ಭಾನುವಾರ ಬೆಳಿಗ್ಗೆ

ಪುಟ್ಟಿ,

ನಿನ್ನೆ ಜರ್ಮನಿಯಿಂದ ಫೋನ್ ಮಾಡಿ ನೀನು "ವಾಪಸ್ ಬಂದುಬಿಡ್ತೀನಿ ಅಪ್ಪಾಜಿ" ಅಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು ಮೂರೂ ಪಾಸು. ಮಾತಾಡುವುದರಲ್ಲಿ 60 ಬೇಕಿತ್ತು, 52 ಬಂತು. ಅದೊಂದನ್ನೇ ಮತ್ತೆ ಕಟ್ಟಬಹುದಲ್ಲ. ಆದರೆ ಪರೀಕ್ಷಕರ ಮುಂದೆ ಕೂತಾಗ ಬಾಯೇ ಬರಲಿಲ್ಲ ಅಂದೆಯಲ್ಲ, ಅದಕ್ಕೆ ಕಾರಣ ನಾನು.

ಒಂದನೇ ಕ್ಲಾಸಿಗೆ ಸೇರಿಸಲು ಆ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗಿದ್ದೆವು. ನಿನ್ನ ಜಡೆಗೆ ಕೆಂಪು ರಿಬ್ಬನ್. ಬೆಳಿಗ್ಗೆ ಏನು ತಿಂದೆ ಅಂತ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ನೀನು ಜೋರಾಗಿ "ಐ ಈಟೆಡ್ ಮಂಡಕ್ಕಿ" ಅಂದೆ. ಅವರು ನಕ್ಕರು. ನಾನೂ ನಕ್ಕುಬಿಟ್ಟೆ. ನೀನು ತಿರುಗಿ ನನ್ನ ಮುಖ ನೋಡಿದೆ. ಹೊರಗೆ ಬಂದು ಸ್ಕೂಟರ್ ಒದೆಯುತ್ತಾ "ಬರದಿದ್ರೆ ಬಾಯಿ ಮುಚ್ಕೊಂಡು ಇರಬೇಕಿತ್ತು" ಅಂತ ನಾನು ಗದರಿದೆ. ಪಿ.ಬಿ. ರಸ್ತೆ ಉದ್ದಕ್ಕೂ ನೀನು ತುಟಿ ಬಿಚ್ಚಲಿಲ್ಲ. ಮನೆಗೆ ಬಂದಾಗ ರಿಬ್ಬನ್ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದೆ, ಬೆವರಿಗೆ ಅಂಗೈಗೆಲ್ಲ ಬಣ್ಣ ಹತ್ತಿತ್ತು. ಅವತ್ತಿಂದ, ಹೇಳುವ ಮಾತು ಪೂರ್ತಿ ಸರಿಯಿದೆ ಅನ್ನಿಸದೆ ನೀನು ಬಾಯಿ ತೆರೆದದ್ದಿಲ್ಲ. ಜನ "ಗಂಭೀರದ ಹುಡುಗಿ" ಅಂದರು, ನಾನು ಹಿಗ್ಗಿದೆ. ಮಂಡಕ್ಕಿ ಭಟ್ಟಿ ಕಡೆ ಹೋದಾಗಲೆಲ್ಲ ಆ ಅಂಗೈ ಕಣ್ಣ ಮುಂದೆ ಬರುತ್ತದೆ. ತಪ್ಪಾಯ್ತು ಮಗಳೇ.

ಆದರೂ ನರ್ಸ್ ಆಗಲು ಬಿ2 ಬೇಕು ಅನ್ನುವ ಆ ನಿಯಮವನ್ನು ಬೈಯಬೇಡ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ "ಹೊಟ್ಟೆ ತೊಳಸ್ತೈತಿ" ಅಂದದ್ದೇ ತಡ, ಕೇರಳದ ಸಿಸ್ಟರ್ ಓಡಿ ಬೇಸಿನ್ ತಂದರು. ಆ ಮಾತನ್ನು ಅವರು ಇಲ್ಲಿಗೆ ಬಂದೇ ಕಲಿತದ್ದು. ಅಲ್ಲಿಯ ಅಜ್ಜಿಯರಿಗೂ ಅಂಥ ಮಾತುಗಳು ಇರುತ್ತವೆ, ಅಲ್ವಾ? ಬಿ2 ಇಲ್ಲದೆ ನರ್ಸ್ ಅಂತ ಮಾನ್ಯತೆ ಸಿಗಲ್ಲ, ಅಲ್ಲಿತನಕ ಸಹಾಯಕಿ ಕೆಲಸ, ಸಂಬಳ ಕಡಿಮೆ, ಗೊತ್ತು. ಸಾಲದ ಕಂತು ನಾನು ನೋಡಿಕೊಳ್ಳುತ್ತೇನೆ. ಪೌರತ್ವಕ್ಕೆ 5 ವರ್ಷ, ಅದರ ಪರೀಕ್ಷೆಯಲ್ಲಿ 33 ಪ್ರಶ್ನೆಗೆ 17 ಸರಿ ಉತ್ತರ, ಅದನ್ನೆಲ್ಲ ಈಗಲೇ ತಲೆಗೆ ಹಚ್ಚಿಕೊಳ್ಳಬೇಡ. ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ತರಬೇಡ, ಹೆಸರು ಹೇಳಿ ಕೇಳು. ರಜೆ ದಿನ ಸುಮ್ನೆ ರೂಮಿನಲ್ಲಿ ಮೊಬೈಲ್ ಹಿಡಿದು ಕೂರಬೇಡ. ತಪ್ಪು ಮಾತಾಡು, ಯಾರಾದರೂ ನಗಲಿ. ಸ್ವೆಟರ್ ಹಾಕಿಕೋ.

ಇನ್ನೊಂದು ಮಾತು. ದಿನಾ ರಾತ್ರಿ ನಮ್ಮ ಜೊತೆ ಒಂದು ಗಂಟೆ ಕನ್ನಡ ಮಾತಾಡುತ್ತೀಯಲ್ಲ, ಆ ಗಂಟೆಯನ್ನು ಅಲ್ಲಿಯವರಿಗೆ ಕೊಡು. ನಮಗೆ ಭಾನುವಾರ ಸಾಕು.

ನಿಮ್ಮಮ್ಮ ಇದಕ್ಕೆ ಒಪ್ಪಿಲ್ಲ. ಬುಧವಾರ ಒಂದು ಐದು ನಿಮಿಷ ಅವಳಿಗೆ ಫೋನ್ ಮಾಡು.

ಅಪ್ಪಾಜಿ